ವೈಸ್‌ರಾಯರ ಮನೆಯಲ್ಲಿ ಒಂದು ರಾತ್ರಿ

ಮಗ ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತೇನೆಂದಾಗ ನಾನು ಮೂರು ದಿನ ಅವನೊಡನೆ ಮಾತು ಬಿಟ್ಟಿದ್ದೆ. ನರಗುಂದದಲ್ಲಿ ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನು. ನನ್ನ ಕೈಯಲ್ಲಿ ಓದಿದ ಹುಡುಗರು ಎಂಜಿನಿಯರ್, ಡಾಕ್ಟರ್ ಆಗಿರುವಾಗ ಮಾಸ್ತರ ಮಗ ಮಂದಿಯ ಎಂಜಲು ತಟ್ಟೆ ಎತ್ತುವುದೇ? "ಅದಕ್ಕ ಕಾಲೇಜು ಬ್ಯಾರೆ ಬೇಕೇನು?" ಎಂದು ಕೇಳಿದ್ದೆ. ಅವನು ಉತ್ತರ ಕೊಡಲಿಲ್ಲ. ಓದು ಮುಗಿಸಿ ಮುಂಬೈಗೆ ಹೋದ. ಆಮೇಲೆ ನಮ್ಮ ನಡುವಿನ ಮಾತೆಂದರೆ ಮಳೆ ಆತೇನು, ಅವ್ವನ ಮೊಣಕಾಲು ಹ್ಯಾಂಗೈತಿ, ಇಷ್ಟೇ.

2011ರ ಡಿಸೆಂಬರಿನಲ್ಲಿ ಅವನ ಫೋನ್ ಬಂತು. "ಅಪ್ಪಾ, ಮೈಸೂರಿನ ಲಲಿತ ಮಹಲ್‌ನಾಗ ಒಂದು ರಾತ್ರಿಗೆ ಖೋಲಿ ಹಿಡದೀನಿ. ರೊಕ್ಕ ಕೊಟ್ಟಾಗೇತಿ. ಇಬ್ಬರೂ ಹೋಗಿಬರ್ರಿ." ನಾನು ಒಲ್ಲೆನೆಂದೆ. ಅಷ್ಟರಲ್ಲಿ ಇವಳು ಚಕ್ಕುಲಿ ಡಬ್ಬಿ ಕಟ್ಟಿದ್ದಳು.

ಚಾಮುಂಡಿ ಬೆಟ್ಟದ ಹತ್ತಿರ ಬೆಳ್ಳಗೆ ನಿಂತ ಕಟ್ಟಡ ಅದು. ವೈಸ್‌ರಾಯರು ಬಂದರೆ ಇಳಿದುಕೊಳ್ಳಲೆಂದು ನಾಲ್ವಡಿ ಕೃಷ್ಣರಾಜ ಒಡೆಯರು 1920ರ ದಶಕದಲ್ಲಿ ಕಟ್ಟಿಸಿದ್ದು. ನಕ್ಷೆ ಫ್ರಿಚ್ಲೆ ಎಂಬವರದು. ಗುಮ್ಮಟ ಲಂಡನ್ನಿನ ಸೇಂಟ್ ಪಾಲ್ ಇಗರ್ಜಿಯ ಮಾದರಿಯದು. 1974ರಲ್ಲಿ ಹೋಟೆಲಾಯಿತು. ನಾವು ಹೋದಾಗ ಕೇಂದ್ರ ಸರ್ಕಾರದ ಐಟಿಡಿಸಿ ನಡೆಸುತ್ತಿತ್ತು. ದತ್ತಕದ ಹಕ್ಕು ನಿರಾಕರಿಸಿದ ಇಂಗ್ಲಿಷರ ಮೇಲೆ ತಿರುಗಿಬಿದ್ದು, 1858ರಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿದ ಬಾಬಾಸಾಹೇಬರ ಊರಿನವನು ನಾನು. ಅದೇ ಇಂಗ್ಲಿಷರಿಗಾಗಿ ಕಟ್ಟಿದ ಈ ಬಾಗಿಲಲ್ಲಿ ರುಮಾಲಿನವನೊಬ್ಬ ಸಲಾಮು ಹೊಡೆದಾಗ, ಯಾರಿಗೆ ಹೊಡೆದನೆಂದು ಹಿಂದೆ ತಿರುಗಿ ನೋಡಿದೆ.

ಹಳೆಯ ಕಾಲದ ಲಿಫ್ಟು ಕಂಡು ಇವಳು ಹೆದರಿ, ನೋಯುವ ಮೊಣಕಾಲಿನಲ್ಲೇ ಅಮೃತಶಿಲೆಯ ಮೆಟ್ಟಿಲು ಹತ್ತಿದಳು. ಖೋಲಿಯಲ್ಲಿ ಬಾತ್‌ಟಬ್ಬು. "ಇದರಾಗ ಮನಿಮಂದಿದೆಲ್ಲಾ ಅರಿವಿ ನೆನಿಹಾಕಬಹುದು ನೋಡ್ರಿ" ಎಂದಳು. ನಳ ಬಂದ ದಿನ ಕೊಡಗಳ ಸಾಲು ಹಚ್ಚುವವಳಿಗೆ ಅಷ್ಟು ನೀರು ತುಂಬಲು ಮನಸ್ಸು ಬರಲಿಲ್ಲ. ಟಬ್ಬಿನೊಳಗೆ ಬಕೆಟ್ಟು ಇಟ್ಟುಕೊಂಡು ಸ್ನಾನ ಮುಗಿಸಿದಳು.

ಹಿಂದೆ ನೃತ್ಯ ನಡೆಯುತ್ತಿದ್ದ ದೊಡ್ಡ ಸಭಾಂಗಣವೇ ಊಟದ ಮನೆ. ಮೇಲೆ ಬಣ್ಣದ ಗಾಜು. ನಮ್ಮ ಮಾತು ಕೇಳಿ ಬಡಿಸುವ ಹುಡುಗ ಬಗ್ಗಿ, "ಯಾವೂರ್ರಿ ಸರ?" ಅಂದ. ನರಗುಂದವೆಂದೆ. "ನಮ್ಮದು ರೋಣರೀ!" ಎಂದು ಮುಖ ಅರಳಿಸಿದ. ತಟ್ಟೆ ಯಾವಾಗ ತೆಗೆಯಬೇಕೆಂದು ನಿನಗೆ ಹೇಗೆ ತಿಳಿಯುತ್ತದೆಂದು ಕೇಳಿದೆ. ಮಾಸ್ತರಿಕೆಯ ಚಟ ನೋಡಿ, ಎಲ್ಲಿ ಹೋದರೂ ಪ್ರಶ್ನೆ.

"ಊಟ ಮುಗಿದವರು ಚೂರಿ, ಫೋರ್ಕು ಜೋಡಿಸಿ ಇಡತಾರ್ರಿ. ಅದನ್ನ ದೂರದಿಂದನ ನೋಡಬೇಕು. ಕೇಳಬಾರದು, ತಡಾನೂ ಆಗಬಾರದು. ಕಲಿಯೂ ಮುಂದ ತುಂಬಿದ ಗ್ಲಾಸಿನ ಟ್ರೇ ಕೊಟ್ಟು ಮೆಟ್ಟಲಾ ಹತ್ತಸತಿದ್ರರಿ. ಒಂದು ಹನಿ ಚೆಲ್ಲಂಗಿಲ್ಲ."

"ನಿಮ್ಮಪ್ಪ ಏನಂತಾನ?"

"ಊರಾಗ ಯಾರರ ಕೇಳಿದ್ರ, ಮಗ ಆಫೀಸಿನಾಗ ಅದಾನ ಅಂತಾನ್ರಿ" ಎಂದು ನಕ್ಕ.

ಇವಳು ನನ್ನ ಮುಖ ನೋಡಿದಳು. ನಾನೂ ಊರಲ್ಲಿ ಹೇಳುತ್ತಿದ್ದದ್ದು "ಮುಂಬೈಯಾಗ ಕಂಪನಿ ಒಳಗ ಅದಾನ" ಎಂದೇ. ಅನ್ನ ಗಂಟಲಲ್ಲಿ ನಿಂತಂತಾಗಿ ನೀರು ಕುಡಿದೆ. ಗ್ಲಾಸು ಕೆಳಗಿಟ್ಟದ್ದೇ ತಡ, ಅವನು ಮತ್ತೆ ತುಂಬಿಸಿದ.

ಬೆಳಿಗ್ಗೆ ಇವಳು ಚಹಾದ ಕಪ್ಪು ತೊಳೆದಿಟ್ಟಳು. ನಾನು ಹೊದಿಕೆ ಮಡಚಿ, ಹಾಸಿಗೆಯ ಸುಕ್ಕು ತೆಗೆದೆ. ಹೇಗೂ ಬದಲಿಸುತ್ತಾರೆಂದು ಗೊತ್ತಿತ್ತು. ಆದರೂ ಸುಮ್ಮನೆ ಬರಲಾಗಲಿಲ್ಲ. ಆಮೇಲೆ ಮಗನಿಗೆ ನಾನೇ ಫೋನ್ ಮಾಡಿದೆ.

"ನೀನೂ ತುಂಬಿದ ಗ್ಲಾಸು ಹಿಡಕೊಂಡು ಮೆಟ್ಟಲಾ ಹತ್ತಿದ್ದೇನು?"

ಸ್ವಲ್ಪ ಹೊತ್ತು ಮಾತಿಲ್ಲ. "ಹತ್ತೀನ್ರಿ ಅಪ್ಪಾ. ಮೊದಲನೇ ದಿನ ಎರಡು ಒಡದಿದ್ದೆ."

ನರಗುಂದದಲ್ಲಿ ಬಸ್ಸಿಳಿದಾಗ ಪರಿಚಯದವರೊಬ್ಬರು ಸಿಕ್ಕರು. "ಮಗ ಈಗ ಎಲ್ಲದಾನ್ರಿ ಮಾಸ್ತರ?"

"ಮುಂಬೈಯಾಗ. ಹೋಟೆಲಿನಾಗ."

"ಮಾಲಕ ಏನ್ರಿ?"

"ಅಲ್ಲ, ಬಡಸ್ತಾನ" ಅಂದೆ. ಇವಳು ಚಕ್ಕುಲಿ ಡಬ್ಬಿ ತೆರೆದು ಅವರ ಮುಂದೆ ಹಿಡಿದಳು.