ಕೋಡಿಯಿಲ್ಲದ ಕೆರೆ

ಕೆರೆ ಕಂಡರೆ ಮೊದಲು ಕೋಡಿ ಹುಡುಕುವುದು ನಮ್ಮಪ್ಪನ ಚಟ. ನನಗೂ ಅಂಟಿದ ಆ ಚಟ, ಮ್ಯಾಡಿಸನ್‌ನ ಮಗಳ ಮನೆಗೆ ಹೋದಾಗ ವಿಸ್ಕಾನ್ಸಿನ್‌ನ ಡೆವಿಲ್ಸ್ ಲೇಕ್‌ವರೆಗೂ ಬೆನ್ನು ಬಿಡಲಿಲ್ಲ.

ದಾರಿಯಲ್ಲಿ ಮೆರಿಮ್ಯಾಕ್ ಎಂಬ ಪುಟ್ಟ ಊರಿಗೆ ಹಿನ್ನೀರು ದಾಟಬೇಕು. ಉಕ್ಕಿನ ಹಗ್ಗ ಹಿಡಿದು ಸಾಗುವ ಲಾಂಚು, ಹದಿನೈದು ಕಾರು ಹಿಡಿಸುತ್ತದೆ, 1933ರಿಂದ ಯಾರಲ್ಲೂ ಕಾಸು ಕೇಳಿಲ್ಲ. ಕಾರುಗಳ ಸಾಲಿನಲ್ಲಿ ಜನ ಐಸ್‌ಕ್ರೀಮ್ ನೆಕ್ಕುತ್ತ ನಿಂತಿದ್ದರು.

"ಅಮ್ಮ, ಸಿಗಂದೂರು ಲಾಂಚ್ ನೆನಪಾಯ್ತಾ?"

"ಅಲ್ಲಿ ಚುರುಮುರಿ ಸಿಗ್ತಿತ್ತು ಕಣೇ."

ಕೆರೆ ಚೆಲುವಾಗಿತ್ತು. ಎರಡು ಕಡೆ ಐನೂರು ಅಡಿಯ ಬಂಡೆಗೋಡೆ. ನೂರು ಕೋಟಿ ವರ್ಷಕ್ಕೂ ಹಳೆಯ, ನೇರಳೆ ಛಾಯೆಯ ಕಲ್ಲು. ಉಳಿದೆರಡು ಕಡೆ ಏರಿ. ಕಟ್ಟಿದ್ದು ಯಾವ ಪಾಳೇಗಾರನೂ ಅಲ್ಲ, ಹಿಮನದಿ. ಕಣಿವೆಯ ಎರಡೂ ಬಾಯಿಗೆ ಕಲ್ಲುಮಣ್ಣು ಸುರಿದು ಕರಗಿಹೋಯಿತಂತೆ. ಕೋಡಿ ಬಿಡುವ ಗೋಜಿಗೇ ಹೋಗಲಿಲ್ಲ. ನೀರು ಬಸಿದೇ ಹೋಗಬೇಕು. ಇಲ್ಲಿನ ಹೊ-ಚಂಕ್ ಜನಕ್ಕೆ ಇದು ಪವಿತ್ರ ಸರೋವರ. ದಡದಲ್ಲಿ ರೆಕ್ಕೆ ಬಿಚ್ಚಿದ ಹಕ್ಕಿಯಾಕಾರದ ಪುರಾತನ ಮಣ್ಣುದಿಬ್ಬವೂ ಇದೆ. ಆಮೇಲೆ ಬಂದ ಬಿಳಿಯರ ಬಾಯಲ್ಲಿ ದೇವರು ಹೋಗಿ ದೆವ್ವ ಉಳಿಯಿತು. 1911ರಲ್ಲಿ ರಾಜ್ಯ ಉದ್ಯಾನವನವಾದಾಗಲೂ ಅದೇ ಹೆಸರು.

ಮಧ್ಯಾಹ್ನ ಊಟಕ್ಕೆ ಪಕ್ಕದ ಬಾರಾಬೂಗೆ ಹೋದೆವು. ರಿಂಗ್ಲಿಂಗ್ ಸಹೋದರರು 1884ರಲ್ಲಿ ಸರ್ಕಸ್ ಶುರುಮಾಡಿದ ಊರು. 1918ರವರೆಗೆ ಚಳಿಗಾಲದಲ್ಲಿ ಡೇರೆ ಮಡಚಿ, ಆನೆ ಒಂಟೆ ಸಮೇತ ಇಲ್ಲಿಗೇ ಮರಳುತ್ತಿದ್ದರು. ಆ ಲಾಯಗಳಿದ್ದ ಹೊಳೆದಂಡೆ ಈಗ ಸರ್ಕಸ್ ಮ್ಯೂಸಿಯಂ. ಬಣ್ಣಬಣ್ಣದ ರಥದಂಥ ಗಾಡಿಗಳು ಚಂದವೇ. ನನ್ನ ತಲೆಯಲ್ಲಿ ಮಾತ್ರ ಹಿಮ ಸುರಿಯುವಾಗ ಆನೆ ಏನು ಮಾಡುತ್ತಿತ್ತೆಂಬ ಚಿಂತೆ.

ಮತ್ತೆ ಕೆರೆಗೆ ಬಂದಾಗ ಮಗಳು ನಿಧಾನಕ್ಕೆ ಬಾಯಿಬಿಟ್ಟಳು. ಹೊರಗೆ ಹೋಗಲಾಗದೆ ತಳದಲ್ಲಿ ರಂಜಕ ಕೂತು ಪಾಚಿ ಹೆಚ್ಚುತ್ತಿತ್ತಂತೆ. 2002ರಲ್ಲಿ ಆಳಕ್ಕೆ ಕೊಳವೆ ಇಳಿಸಿದರು. ಪಂಪಿಲ್ಲ, ಸೈಫನ್ನಿನಿಂದ ತಳದ ನೀರು ತಾನೇ ಹೊರಹೋಗುತ್ತದೆ.

"ಅಂದ್ರೆ ತೂಬು!" ಎಂದೆ. ಪಕ್ಕದಲ್ಲಿ ಮೀನಿಗೆ ಗಾಳ ಹಾಕಿದ್ದವನು ತಿರುಗಿ ನೋಡಿದ. "ಅದರ ಬಾಯಿ ಎಲ್ಲಿದೆ, ತೋರಿಸು ಬಾ."

"ಅಮ್ಮ, ಲಾಂಚಿಗೆ ಸಾಲು ಬೆಳೆದಿರುತ್ತೆ."

"ಬೆಳೀಲಿ ಬಿಡು. ಇನ್ನೊಂದು ಐಸ್‌ಕ್ರೀಮ್ ತಿಂದರಾಯ್ತು."