ಆ್ಯನಿಕ್ ಊರಿನ ಗಾಳದ ರಾಟೆ

ಇಂಗ್ಲೆಂಡಿನ ಭೂಪಟದಲ್ಲಿ ಮೇಲಕ್ಕೆ, ಸ್ಕಾಟ್ಲೆಂಡಿನ ಗಡಿಗೆ ಹತ್ತಿರವಾಗಿ, ಆ್ಯನಿಕ್ ಎಂಬ ಊರೊಂದಿದೆ. ಬರೆಯುವಾಗ ನಡುವೆ ಒಂದು ‘ಲ’ಕಾರವನ್ನೂ ಒಂದು ‘ವ’ಕಾರವನ್ನೂ ಸೇರಿಸುತ್ತಾರೆ, ನುಡಿಯುವಾಗ ಎರಡನ್ನೂ ನುಂಗಿಬಿಡುತ್ತಾರೆ. ನ್ಯೂಕ್ಯಾಸಲಿನ ತಂಗಿಯ ಮನೆಗೆ ಗಳಿಕೆ ರಜೆಯ ಮೇಲೆ ಹೋಗಿದ್ದ ನಾನು ಒಂದು ದಿನ ಆಲ್ನ್‌ಮೌತ್ ನಿಲ್ದಾಣದವರೆಗೆ ರೈಲಿನಲ್ಲಿ, ಮುಂದೆ ಬಸ್ಸಿನಲ್ಲಿ, ಆ ಊರು ಸೇರಿದೆ.

ಜನ ಬರುವುದು ಅಲ್ಲಿಯ ಕೋಟೆಯನ್ನು ನೋಡಲು. ನೋಡತಕ್ಕದ್ದೇ. ಹದಿನೈದನೆಯ ಶತಮಾನದ ಕಲ್ಲಿನ ಹೆಬ್ಬಾಗಿಲ ಕೆಳಗೆ ಇಂದಿಗೂ ಮೋಟಾರುಗಳು ಒಂದೊಂದಾಗಿ ನುಸುಳುತ್ತವೆ. 1968ರಲ್ಲಿ ಪ್ರಯಾಣಿಕರ ಗಾಡಿ ನಿಂತುಹೋದ ರೈಲು ನಿಲ್ದಾಣ ಈಗ ಹಳೆಯ ಪುಸ್ತಕಗಳ ದೊಡ್ಡ ಅಂಗಡಿ. ಆದರೆ ನಾನು ಹೋದದ್ದು ಗಾಳದ ರಾಟೆಯೊಂದರ ಸಲುವಾಗಿ.

ಮಾಟುಂಗದಲ್ಲಿ ನಮ್ಮ ನೆರೆಮನೆಯವರು ಕೊಡಗಿನ ಕಡೆಯ ಅಜ್ಜಿ. ಅವರ ಮಾವನವರು ಕಾಫಿ ತೋಟದಲ್ಲಿ ರೈಟರಾಗಿದ್ದರು. 1947ರಲ್ಲಿ ಸ್ವದೇಶಕ್ಕೆ ಹೊರಟ ದೊರೆ ತನ್ನ ರಾಟೆಯನ್ನು ಅವರಿಗೆ ಕೊಟ್ಟುಹೋದನಂತೆ. ಈಗ ಮೊಮ್ಮಗಳ ಕಾಲೇಜು ಫೀಜಿಗೆ ಅದನ್ನು ಮಾರುವ ಯೋಚನೆ. “ಹುಣಿಸೇಹಣ್ಣು ಹಾಕಿ ತಿಕ್ಕಿದರೆ ಹೆಚ್ಚು ಬಂದೀತಲ್ಲವೇನಪ್ಪ?” ಎಂದು ಕೇಳಿದರು. “ನಾನು ಬರುವವರೆಗೆ ಮುಟ್ಟಬೇಡಿ, ಅಜ್ಜಿ” ಎಂದು ಹೇಳಿ, ಮೊಮ್ಮಗಳು ಒಳಗೂ ಹೊರಗೂ ತೆಗೆದ ಚಿತ್ರಗಳನ್ನು ಒಯ್ದೆ. ವಸ್ತುವನ್ನೇ ಒಯ್ಯಲು ಗುಮಾಸ್ತನಿಗೆ ಧೈರ್ಯವೆಲ್ಲಿ? ನೂರು ವರ್ಷ ದಾಟಿದ ಸಾಮಾನು ದೇಶ ಬಿಟ್ಟರೆ 1972ರ ಕಾಯಿದೆ ಸುಮ್ಮನಿರುವುದಿಲ್ಲ.

ಇದು ನಮ್ಮ ಹಳ್ಳಿಯ ಎರೆಹುಳುವಿನ ಗಾಳವಲ್ಲ. ಕೊಕ್ಕೆಗೆ ಗರಿ, ರೇಷ್ಮೆ ಸುತ್ತಿ ನೊಣದಂತೆ ಮಾಡಿ ನೀರಿಗೆ ಬೀಸುತ್ತಾರೆ. ಮೀನು ಕಚ್ಚಿ ಓಡುವಾಗ ನೂಲು ಸರಾಗವಾಗಿ ಬಿಚ್ಚಿಕೊಳ್ಳಬೇಕು; ಆದರೆ ಬೇಕಾಬಿಟ್ಟಿ ಬಿಚ್ಚಿಕೊಳ್ಳಕೂಡದು. ವಿಲಿಯಂ ಹಾರ್ಡಿ ಎಂಬಾತ 1872ರಲ್ಲಿ ಈ ಊರಿನಲ್ಲಿ ಬಂದೂಕಿನ ಅಂಗಡಿ ತೆರೆದ, ತಮ್ಮಂದಿರು ಕೂಡಿಕೊಂಡರು. 1891ರಲ್ಲಿ ಅವರ ‘ಪರ್ಫೆಕ್ಟ್’ ರಾಟೆ ಮಾರಾಟಕ್ಕೆ ಬಂತು. ಅದರ ಉರುಳೆ ಉಕ್ಕಿನ ಗುಂಡುಗಳ ಮೇಲೆ ತಿರುಗುತ್ತದೆ. ಹಲ್ಲುಚಕ್ರಕ್ಕೆ ನಾಲಗೆಯೊಂದು ತಾಗಿ, ಕಟಕಟ ಸದ್ದಿನೊಡನೆ ವೇಗವನ್ನು ಹಿಡಿದಿಡುತ್ತದೆ.

ಹಳೆಯ ಸಾಮಾನಿನ ಅಂಗಡಿಯ ಮುದುಕರು ಚಿತ್ರಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೊದಲು ನೋಡಿದ್ದು ಮೈಬಣ್ಣ. ಕಾರ್ಖಾನೆಯಲ್ಲೇ ಕೊಟ್ಟ ಬೂದುಗಪ್ಪು ಸೀಸದ ಲೇಪ ಉಳಿದಿದ್ದರೆ ಬೆಲೆ. ತಿಕ್ಕಿ ಹೊಳಪಿಸಿದರೆ ಹೋಯಿತು. (ನಿಮ್ಮ ಅಟ್ಟದಲ್ಲಿ ಇಂಥದ್ದಿದ್ದರೆ ಹುಣಿಸೇಹಣ್ಣನ್ನು ಸಾರಿಗೆ ಉಳಿಸಿಕೊಳ್ಳಿ.) ಆಮೇಲೆ ತಿರುಪುಗಳ ತಲೆ ಸವೆದಿದೆಯೇ, ಹಿಡಿ ಮೂಲದ್ದೇ ಎಂದು ನೋಡಿದರು. ಪೂರ್ತಿ ಹಿತ್ತಾಳೆಯ ಮೊದಮೊದಲಿನ ರಾಟೆಗೆ ಸಾವಿರಾರು ಪೌಂಡು ಬರುತ್ತದೆ. ನಂತರದ ಸಾಮಾನ್ಯ ಪರ್ಫೆಕ್ಟಿಗೆ ನೂರಿನ್ನೂರು. ಅಜ್ಜಿಯದು ನಂತರದ್ದು. ಅದರ ಮೇಲೆ, ಕೋಲಿಗೆ ಕೂರುವ ಹಿತ್ತಾಳೆಯ ಪಾದಕ್ಕೆ ಯಾರೋ ಅರ ಹಾಕಿದ್ದರು. ಮುದುಕರು ನಾಲಗೆ ಲೊಚಗುಟ್ಟಿದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಬೇರೆ. ಒಳಮೈಯಲ್ಲಿ ಸಣ್ಣದೊಂದು ಅಕ್ಷರದ ಗುರುತಿತ್ತು: ಅದನ್ನು ಜೋಡಿಸಿದ ಕೆಲಸಗಾರನ ಇನಿಷಿಯಲ್ಲು. ಕಡತದ ಅಂಚಿನಲ್ಲಿ ನಾವು ದಿನವೂ ಗೀಚುತ್ತೇವಲ್ಲ, ಹಾಗೆಯೇ. ಹೊರಗೆ ಯಜಮಾನರ ಹೆಸರು. ಬಿಚ್ಚಿದರೆ ಮಾತ್ರ ದುಡಿದವನದು. ಆ ಮುದ್ದೆ ಲೋಹದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆಂದು ತೋರಿದ್ದು ಅದೇ. ಮುದುಕರ ಲೆಕ್ಕದಲ್ಲಿ ಅದಕ್ಕೆ ಹೆಚ್ಚಿನ ಕಾಸೇನೂ ಇಲ್ಲ.

ಮುಂಬಯಿಗೆ ಬಂದು ಅಜ್ಜಿಗೆ ಹೇಳಿದೆ: ನೂರು ಪೌಂಡು ಬಂದರೆ ಹೆಚ್ಚು, ಪಾದವನ್ನು ಯಾರೋ ಕೆಡಿಸಿದ್ದಾರೆ.

“ಯಾರೋ ಏನು, ನಮ್ಮ ಮಾವನವರೇ” ಎಂದರು. ಕಾವೇರಿಯ ಬಿಳಿಮೀನಿಗೆಂದು ಬಿದಿರಿನ ಕೋಲಿಗೆ ಅದನ್ನು ಕೂರಿಸಿಕೊಂಡಿದ್ದರಂತೆ. ಬಿಳಿಮೀನೆಂದರೆ ಸಾಮಾನ್ಯವಲ್ಲ: 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಅವರು ಕಬಿನಿಯಲ್ಲಿ ಹಿಡಿದ ಇದೇ ಜಾತಿಯ ಮೀನು 120 ಪೌಂಡು ತೂಗಿತ್ತು. “ಅರ ಹಾಕುವಾಗ ನಾನೇ ದೀಪ ಹಿಡಿದಿದ್ದೆ.”

ನೂರು ಪೌಂಡು ಒಂದು ಟರ್ಮಿನ ಫೀಜಿಗೂ ಸಾಲದು. ರಾಟೆ ಮತ್ತೆ ಟ್ರಂಕಿನೊಳಗೆ ಹೋಯಿತು. ಅಜ್ಜಿ ಎರಡು ಬಳೆ ಅಡವಿಟ್ಟರು.