ಬೆಳ್ಳಗಾದ ಹವಳ

ಸಮುದ್ರವನ್ನು ನಾನು ಕಣ್ಣಾರೆ ಕಂಡಿರುವುದು ಮೂರೇ ಸಲ. ನಮ್ಮ ಜತ್ತ ತಾಲೂಕಿನವರಿಗೆ ನೀರೆಂದರೆ ಬೋರು, ಟ್ಯಾಂಕರು, ಮ್ಹೈಸಾಳ ಏತ ನೀರಾವರಿಯ ಮಾತು. 2022ರ ನವೆಂಬರಿನಲ್ಲಿ ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ನಮ್ಮ ತಾಲೂಕಿನ ಹೆಸರು ಬಂದದ್ದೂ ಈ ನೀರಿನ ದೆಸೆಯಿಂದಲೇ. ಇಂಥ ಊರಿನ ಬ್ಯಾಂಕ್ ಗುಮಾಸ್ತನೊಬ್ಬ ಹವಳದ ಕಾಯಿಲೆಯ ವಿಚಾರ ಬರೆಯಹೊರಟರೆ ಓದುಗರು ನಕ್ಕಾರು. ನಗಲಿ. ಇದಕ್ಕೆಲ್ಲ ಕಾರಣ ಹ್ಯೂಸ್ಟನ್ನಿನಲ್ಲಿರುವ ನನ್ನ ತಮ್ಮ.

2020ರಲ್ಲಿ ಅಪ್ಪ ತೀರಿಕೊಂಡಾಗ ವಿಮಾನಗಳು ನಿಂತಿದ್ದವು. ತಮ್ಮನಿಗೆ ಮಣ್ಣಿಗೆ ಬರಲಾಗಲಿಲ್ಲ. ಎಲ್ಲವನ್ನೂ ಫೋನಿನಲ್ಲೇ ನೋಡಿದ. ಆ ವರ್ಷವೇ ಮನೆಯಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿ ಇಟ್ಟು, ಹೆಬ್ಬೆರಳಿನಷ್ಟು ಜಿಂಕೆಗೊಂಬಿನ ಹವಳದ ತುಂಡೊಂದನ್ನು ತಂದು ಸಾಕತೊಡಗಿದ. ನಾಲ್ಕು ವರ್ಷದಲ್ಲಿ ಅದು ಊಟದ ತಾಟಿನಷ್ಟು ಅಗಲವಾಯಿತು. ನಮ್ಮಲ್ಲಿ ಇದು ಸಾಧ್ಯವಿಲ್ಲ; ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಹುಲಿಗಿರುವಷ್ಟೇ ರಕ್ಷಣೆಯಿದೆ. ಅಲ್ಲಿ ತೊಟ್ಟಿಯಲ್ಲಿಯೇ ಬೆಳೆಸಿದ ತುಂಡುಗಳು ಅಂಗಡಿಯಲ್ಲಿ ಸಿಗುತ್ತವೆ.

ಅವ್ವನಿಗೆ ಗೊತ್ತಿದ್ದ ಹವಳವೆಂದರೆ ಗುಳದಾಳಿಯ ಕೆಂಪು ಮಣಿ. ಅಪ್ಪ ಹೋದ ಮೇಲೆ ಅದು ಪೆಟ್ಟಿಗೆ ಸೇರಿದೆ. "ಹವಳಕ್ಕ ಜೀವ ಇರ್ತೈತೇನೋ?" ಎಂದು ಫೋನ್ ಹಿಡಿದು ಬೆರಗಾಗಿ ಕೇಳಿದ್ದಳು. ಆ ಕೆಂಪು ಹವಳ ಹೆಚ್ಚಾಗಿ ಮೆಡಿಟರೇನಿಯನ್ ಕಡಲಿನ ಬೇರೆಯದೇ ಜಾತಿ. ತಮ್ಮನದು ಬಿಸಿಲ ನೀರಿನದು. ಒಂದು ಕೊಂಬೆಯ ಮೇಲೆ ಸಾಸಿವೆಯಂಥ ನೂರಾರು ಜೀವಗಳು. ಅವುಗಳ ಮಾಂಸದೊಳಗೆ ಕಣ್ಣಿಗೆ ಕಾಣದ ಪಾಚಿ. ಪಾಚಿ ಬೆಳಕಿನಿಂದ ಅಡುಗೆ ಮಾಡಿ ಹವಳಕ್ಕೆ ಬಡಿಸುತ್ತದೆ, ಹವಳದ ಬಣ್ಣದಲ್ಲೂ ಅದರ ಪಾಲಿದೆ. ಹವಳ ಆ ಶಕ್ತಿಯಿಂದ ನೀರಿನೊಳಗಿನ ಸುಣ್ಣವನ್ನು ಹೀರಿ ಎಲುಬು ಕಟ್ಟುತ್ತದೆ. ಮಲಯಾಳದಲ್ಲಿ ಹವಳದ ದಿಬ್ಬಕ್ಕೆ ಪವಿಳಪ್ಪುಟ್ಟ್ ಎನ್ನುತ್ತಾರಂತೆ. ಪುಟ್ಟ್ ಎಂದರೆ ನಮ್ಮ ಹುತ್ತವೇ. ಇಷ್ಟು ಸರಿಯಾದ ಹೆಸರು ನಮಗೇಕೆ ಹೊಳೆಯಲಿಲ್ಲವೋ!

2024ರ ಮೇ ತಿಂಗಳ ಒಂದು ಮುಂಜಾನೆ ತಮ್ಮನ ಫೋನು. "ಅಣ್ಣಾ, ಬುಡದಿಂದ ಬೆಳ್ಳಗಾಗಾಕತ್ತೈತಿ. ಔಷಧ ಹಾಕಲೇನು?" ಅವನ ದನಿ ನಾಲ್ಕು ವರ್ಷದ ಹಿಂದಿನ ದನಿಯಂತಿತ್ತು. ನಾನು ಹವಳದ ವೈದ್ಯನಲ್ಲ. ಆದರೆ ಎರಡು ಎಕರೆ ದಾಳಿಂಬೆ ಇದೆ, ತೇಲ್ಯಾ ರೋಗದ ಕಲೆಗಳನ್ನು ನೋಡಿ ನೋಡಿ ಕಣ್ಣು ಪಳಗಿದೆ. ಔಷಧದಂಗಡಿಯವನ ಮಾತಿಗಿಂತ ಮೊದಲು ಗಿಡವನ್ನು ನೋಡಬೇಕೆಂಬುದು ನನ್ನ ಹಟ.

ಬಿಳುಪಿನಲ್ಲೂ ಬಗೆಗಳಿವೆ ಎಂಬುದನ್ನು ಅವನ ಬಾಯಿಂದಲೇ ಹೊರಡಿಸಿದೆ. ತುದಿ ಮಾತ್ರ ಬಿಳಿಯಿದ್ದರೆ ಅದು ಹೆಚ್ಚಾಗಿ ಹೊಸ ಬೆಳವಣಿಗೆ, ಚಿಗುರಿದ್ದಂತೆ. ಇಡೀ ಕೊಂಬೆ ಬೆಳ್ಳಗಾಗಿದ್ದು, ಸಮೀಪದಿಂದ ನೋಡಿದರೆ ಗಾಜಿನಂಥ ಮಾಂಸ ಇನ್ನೂ ಇದ್ದರೆ, ಒಳಗಿನ ಪಾಚಿ ಹೊರಟುಹೋಗಿದೆ ಎಂದರ್ಥ. ಕಾವು ಹೆಚ್ಚಿದರೆ, ಬೆಳಕು ಅತಿಯಾದರೆ ಹೀಗಾಗುತ್ತದೆ. ಹವಳ ಆಗ ಉಪವಾಸವಿರುತ್ತದೆ, ಸತ್ತಿರುವುದಿಲ್ಲ. ಬೇಗ ಸುಧಾರಿಸಿದರೆ ಬಣ್ಣ ಮರಳುತ್ತದೆ. ಅದೇ ಬೇಸಿಗೆಯಲ್ಲಿ ಲಕ್ಷದ್ವೀಪದ ಹವಳಗಳು ಹೀಗೆಯೇ ಬಿಳಿಚಿದ್ದವು. 1998, 2010, 2016ರಲ್ಲೂ ಅಲ್ಲಿ ಇದಾಗಿತ್ತು. ವಾಡಿಕೆಯ ಬೇಸಿಗೆ ಕಾವಿಗಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ ಸಾಕಂತೆ. ಕಡಲಿಗೆ ಫ್ಯಾನು ಹಾಕುವವರು ಯಾರು? ಇನ್ನೊಂದು ಬಗೆಯಲ್ಲಿ ಮಾಂಸವೇ ಸುಲಿದು ಬರಿ ಎಲುಬು ಉಳಿಯುತ್ತದೆ. ಆ ಜಾಗ ಮತ್ತೆ ಬಣ್ಣಕ್ಕೆ ಬರುವುದಿಲ್ಲ. ತಮ್ಮನದು ಈ ಬಗೆ.

"ಒಂದ ಗಿಡಾನೋ, ಸಾಲಿಗೆ ಸಾಲೋ?" ಎಂದೆ. ಒಂದೇ ಆಗಿದ್ದರೆ ಹುಳು ತಿನ್ನುತ್ತಿರಬಹುದು, ಇಲ್ಲವೆ ಪಕ್ಕದ ಹವಳ ಕುಟುಕುತ್ತಿರಬಹುದು. ಹವಳಗಳೂ ಜಾಗಕ್ಕಾಗಿ ಜಗಳಾಡುತ್ತವೆ. ನಮ್ಮ ಬದುವಿನ ಜಗಳದವರಿಗೆ ಹೇಳಬೇಕು. ಅವನು ಭೂತಗನ್ನಡಿ ಹಿಡಿದು ನೋಡಿದ. ಕಚ್ಚಿದ ಗುರುತಿಲ್ಲ, ಹುಳುವಿನ ತತ್ತಿಯಿಲ್ಲ. ಗಟ್ಟಿ ಹವಳ ಮೂರರಲ್ಲೂ ಬುಡ ಸುಲಿದಿತ್ತು; ಎಲುಬು ಕಟ್ಟದ ಮೆತ್ತನೆಯ ಹವಳ ಆರಾಮಾಗಿತ್ತು. ಅಂದ ಮೇಲೆ ಎಲುಬಿನ ಸಾಮಗ್ರಿಯಲ್ಲೇ ಏನೋ ಏರುಪೇರು. ನೀರಿನ ಪರೀಕ್ಷೆಯ ಅಂಕಿಗಳನ್ನು ಕೇಳಿದರೆ, ಚೀಟಿಗಳಲ್ಲಿ ಎಲ್ಲೆಲ್ಲೋ ಬರೆದಿಟ್ಟಿದ್ದಾನೆ! ತಾರೀಖುವಾರು ಓದಿಸಿ, ಉಪ್ಪು, ಕಾವು, ಸುಣ್ಣ, ಕ್ಷಾರ ಎಂದು ಕಾಲಮ್ಮು ಹಾಕಿಕೊಂಡೆ. ಇದು ನನ್ನ ಕಸುಬು. ಲೆಕ್ಕ ಕೂಡದಿದ್ದರೆ ಮೊತ್ತವನ್ನು ದಿಟ್ಟಿಸಿ ಫಲವಿಲ್ಲ, ವ್ಯತ್ಯಾಸ ಯಾವ ದಿನ ಹೊಕ್ಕಿತು ಎಂದು ನೋಡಬೇಕು.

ಉಪ್ಪು ಸಾವಿರಕ್ಕೆ 35, ಕಾವು 26 ಡಿಗ್ರಿ, ಎರಡೂ ಸರಿ. ಕ್ಷಾರದ ಅಳತೆ 8ರ ಆಸುಪಾಸು ಇದ್ದದ್ದು ಒಂಬತ್ತೇ ದಿನದಲ್ಲಿ 11 ದಾಟಿತ್ತು. 11 ತಾನಾಗಿಯೇ ವಿಷವೇನಲ್ಲ. ಇಷ್ಟು ಬೇಗ ಏರಿದ್ದೇ ಪೆಟ್ಟು. ಬೇರೊಂದು ಕಿಟ್ ತರಿಸಿ ನೋಡಿದಾಗಲೂ ಅಷ್ಟೇ ಬಂತು. ಏರಿಕೆ ಶುರುವಾದದ್ದು ಹನಿಹನಿಯಾಗಿ ಸೋಡಾ ದ್ರಾವಣ ಬಿಡುವ ಪುಟ್ಟ ಪಂಪಿನ ನಳಿಗೆ ಬದಲಿಸಿದ ಮರುದಿನ. ಹೊಸ ನಳಿಗೆ ಹೆಚ್ಚು ಹನಿಸುತ್ತಿತ್ತು.

ಪಂಪು ನಿಲ್ಲಿಸಿದ. ಹುಳಿ ಸುರಿದು ಒಮ್ಮೆಲೇ ಇಳಿಸುವುದು ಬೇಡ, ಹವಳಗಳೇ ದಿನದಿನಕ್ಕೆ ಉಂಡು ಇಳಿಸಲಿ ಎಂದು ಇಬ್ಬರೂ ಒಪ್ಪಿದೆವು. ಬುಡದ ಸುಲಿತ ಮಾತ್ರ ನಿಲ್ಲಲಿಲ್ಲ. ಆರನೆಯ ದಿನ ಅವನು ಬಣ್ಣವಿದ್ದ ಐದು ತುದಿಗಳನ್ನು, ಸುಲಿದ ಗೆರೆಗಿಂತ ಮೇಲಕ್ಕೆ ಕತ್ತರಿಸಿ, ಕಲ್ಲುಗಳಿಗೆ ಅಂಟಿಸಿದ. ಕತ್ತರಿಸುವಾಗ ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟಿದ್ದ; ನಮಗೆ ಸಪ್ಪಳವಷ್ಟೇ ಕೇಳಿಸಿತು. ಅವ್ವ ಮಾತಾಡದೆ ಕೂತಿದ್ದಳು.

ದೊಡ್ಡದು ಹೋಯಿತು. ಐದರಲ್ಲಿ ಮೂರು ಕಚ್ಚಿಕೊಂಡಿವೆ. ಅಂಕಿಗಳನ್ನು ಈಗ ಅವನ ಮಗಳು ವಹಿಯಲ್ಲಿ ಬರೆಯುತ್ತಾಳೆ. ಕಾಲಮ್ಮಿನ ತಲೆಯ ಮೇಲೆ ಉಪ್ಪು, ಕಾವು, ಸುಣ್ಣ, ಕ್ಷಾರ ಎಂದು ಕನ್ನಡದಲ್ಲೇ ಇದೆ. ಕ್ಷಾರಕ್ಕೆ ಒತ್ತು ಎಲ್ಲಿ ಕೊಡಬೇಕೆಂದು ಎರಡು ಸಲ ಫೋನ್ ಮಾಡಿ ಕೇಳಿದಳು.